ಟ್ರೈಗ್ಲಿಸರೈಡ್ ಸಾವಿರ ದಾಟಿದಾಗ: ಗಡಿ ತಾಲ್ಲೂಕುಗಳು ಓದದೆ ಬಿಡುತ್ತಿರುವ ಒಂದು ಸಾಲು

ಉಮರ್ಗಾ: ಲ್ಯಾಬ್‌ನಿಂದ ರಕ್ತದ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಮೊದಲು ಹೋಗುವುದು ಸಕ್ಕರೆಯ ಮೇಲೆ. ಆಮೇಲೆ ಕೊಲೆಸ್ಟ್ರಾಲ್ ಮೇಲೆ. ಅದರ ಕೆಳಗೆ ಇನ್ನೊಂದು ಸಾಲು ಇರುತ್ತದೆ: ಟ್ರೈಗ್ಲಿಸರೈಡ್. ಓದಲು ಕಷ್ಟದ ಹೆಸರು. ಎದುರಿಗಿರುವ ಅಂಕಿ 180 ಇದ್ದರೂ ಅದೇ ದಪ್ಪಕ್ಷರ, 1,800 ಇದ್ದರೂ ಅದೇ ದಪ್ಪಕ್ಷರ. ‘ಸ್ವಲ್ಪ ಚರಬಿ ಹೆಚ್ಚಾಗಿದೆ, ಎಣ್ಣೆ ಕಡಿಮೆ ಮಾಡಿ’ ಎಂಬ ಒಂದೇ ಮಾತು ಎರಡಕ್ಕೂ ಸಿಗುತ್ತದೆ. ಆದರೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದು ವರ್ಷಗಟ್ಟಲೆ ತಿದ್ದಿಕೊಳ್ಳಬಹುದಾದ ವಿಷಯ. ಎರಡನೆಯದು ಇಂದು ರಾತ್ರಿಯೇ ಆಸ್ಪತ್ರೆಗೆ ಓಡಿಸಬಹುದಾದ ವಿಷಯ.

ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಈಗ ಎಲ್ಲರಿಗೂ ಗೊತ್ತು. ಬಿಪಿ ಗೊತ್ತು. ರಕ್ತದ ಈ ಮೂರನೆಯ ಅಂಕಿಯ ಬಗ್ಗೆ ಮಾತ್ರ ಕನ್ನಡದಲ್ಲಾಗಲೀ ಮರಾಠಿಯಲ್ಲಾಗಲೀ ಮನೆಮಾತು ಇನ್ನೂ ಹುಟ್ಟಿಲ್ಲ. ಇದು ಯಾಕೆ ಮುಖ್ಯ, ಏನು ಮಾಡಬೇಕು, ಸರಕಾರದ ವ್ಯವಸ್ಥೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದರತ್ತ ಒಂದು ನೋಟ ಇಲ್ಲಿದೆ.

ಮೂವರಲ್ಲಿ ಒಬ್ಬರು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಜತೆ ಸೇರಿ ನಡೆಸಿದ ಇಂಡಿಯಾಬ್ ಅಧ್ಯಯನದ ಫಲಿತಾಂಶ 2023ರ ಜೂನ್‌ನಲ್ಲಿ ಪ್ರಕಟವಾಯಿತು. 2008ರಿಂದ 2020ರವರೆಗೆ ಹಳ್ಳಿ, ಪಟ್ಟಣ ಎರಡನ್ನೂ ಸೇರಿಸಿ 1,13,043 ಜನರನ್ನು ಪರೀಕ್ಷಿಸಿದ ದೊಡ್ಡ ಕೆಲಸ ಅದು. ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ ಎಂಬ ಅಂಕಿ ಎಲ್ಲ ಪತ್ರಿಕೆಗಳ ತಲೆಬರಹವಾಯಿತು. ಅದೇ ವರದಿಯಲ್ಲಿದ್ದ ಇನ್ನೊಂದು ಅಂಕಿ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಶೇ. 32.1 ಮಂದಿಯಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿತ್ತು. ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ. 24 ಮಾತ್ರ.

ಇದರ ಅರ್ಥ ಸ್ಪಷ್ಟ. ಕೊಲೆಸ್ಟ್ರಾಲ್ ನಾರ್ಮಲ್ ಎಂದು ಸಮಾಧಾನಪಟ್ಟು ಮನೆಗೆ ಹೋಗುವವರಲ್ಲಿ ಕೆಲವರ ಟ್ರೈಗ್ಲಿಸರೈಡ್ ನಾರ್ಮಲ್ ಆಗಿರುವುದಿಲ್ಲ. ಎರಡೂ ಒಂದೇ ಅಲ್ಲ. ಕೊಲೆಸ್ಟ್ರಾಲ್ ದೇಹ ಕಟ್ಟಲು ಬೇಕಾದ ಮೇಣದಂಥ ಸಾಮಗ್ರಿ. ಟ್ರೈಗ್ಲಿಸರೈಡ್ ದೇಹದ ಇಂಧನ. ನಾವು ತಿನ್ನುವ ಎಣ್ಣೆ, ತುಪ್ಪ, ಶೇಂಗಾದಲ್ಲಿರುವ ಚರಬಿ ಇದೇ. ಹೊಟ್ಟೆಯ ಸುತ್ತ ಶೇಖರವಾಗುವುದೂ ಇದೇ. ಹೆಚ್ಚಾದ ಸಕ್ಕರೆ, ಅನ್ನ, ಮೈದಾ ಮತ್ತು ಮದ್ಯವನ್ನು ಲಿವರ್ ಇದೇ ಚರಬಿಯಾಗಿ ಬದಲಿಸಿ ರಕ್ತಕ್ಕೆ ಬಿಡುತ್ತದೆ. ಆದ್ದರಿಂದ ಎಣ್ಣೆ ಮುಟ್ಟದವರಿಗೂ ಇದು ಏರಬಹುದು.

ಅಂಕಿ ಓದುವ ಬಗೆ

9ರಿಂದ 12 ತಾಸು ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ, ಪ್ರತಿ ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂದು ಇದನ್ನು ಅಳೆಯುತ್ತಾರೆ. 150ಕ್ಕಿಂತ ಕಡಿಮೆ ಇದ್ದರೆ ಸರಿ. 150ರಿಂದ 199 ಗಡಿರೇಖೆ. 200ರಿಂದ 499 ಹೆಚ್ಚು. 500 ಮತ್ತು ಅದಕ್ಕೂ ಮೇಲೆ ಅತಿ ಹೆಚ್ಚು. 1,000 ದಾಟಿದರೆ ಅಪಾಯದ ಸ್ವರೂಪವೇ ಬದಲಾಗುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಹಿಂದಿನ ದಿನ ಮದುವೆ ಊಟ ಮಾಡಿ, ಮರುದಿನ ಬೆಳಗ್ಗೆ ಚಹಾ ಬಿಸ್ಕತ್ತು ತಿಂದು ರಕ್ತ ಕೊಟ್ಟರೆ ಅಂಕಿ ಮೇಲಕ್ಕೆ ಹೋಗಿರುತ್ತದೆ. ಖಾಲಿಹೊಟ್ಟೆಯಲ್ಲಿ ಕೊಡದ ರಕ್ತದಲ್ಲಿ 400ಕ್ಕಿಂತ ಹೆಚ್ಚು ಬಂದರೆ, ಖಾಲಿಹೊಟ್ಟೆಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ರೂಢಿ. ಎರಡನೆಯದು, ಟ್ರೈಗ್ಲಿಸರೈಡ್ 400 ದಾಟಿದಾಗ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅಂಕಿಯನ್ನು ನಂಬಲಾಗದು. ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಉಳಿದ ಅಂಕಿಗಳಿಂದ ಲೆಕ್ಕ ಹಾಕುತ್ತವೆ. ಈ ಮಟ್ಟದಲ್ಲಿ ಆ ಲೆಕ್ಕ ತಪ್ಪುತ್ತದೆ. ‘ಎಲ್‌ಡಿಎಲ್ ಬಹಳ ಕಡಿಮೆ ಇದೆ, ಚಿಂತೆಯಿಲ್ಲ’ ಎಂದು ಇಂಥ ರಿಪೋರ್ಟ್ ನೋಡಿ ಹೇಳುವಂತಿಲ್ಲ.

ಅಂಕಿ ಬಹಳ ಏರಿದಾಗ ಲ್ಯಾಬ್‌ನವರಿಗೆ ಯಂತ್ರ ನೋಡುವ ಮೊದಲೇ ಗೊತ್ತಾಗುತ್ತದೆ. ರಕ್ತವನ್ನು ತಿರುಗಿಸಿ ಬೇರೆ ಮಾಡಿದಾಗ ಮೇಲೆ ಬರುವ ಸೀರಂ ಸಾಮಾನ್ಯವಾಗಿ ತಿಳಿ ಹಳದಿ ಬಣ್ಣದ್ದು. ಇಂಥವರದ್ದು ಹಾಲಿನಂತೆ ಬೆಳ್ಳಗಿರುತ್ತದೆ. ರಿಪೋರ್ಟಿನ ಕೆಳಗೆ ‘ಲೈಪೀಮಿಕ್ ಸ್ಯಾಂಪಲ್’ ಎಂದು ಬರೆದಿದ್ದರೆ ಅರ್ಥ ಇದೇ. ಆ ಎರಡು ಶಬ್ದಗಳನ್ನು ವೈದ್ಯರಿಗೆ ಬೆರಳಿಟ್ಟು ತೋರಿಸಬೇಕು.

ಸಾವಿರದ ಗೆರೆ ಯಾಕೆ?

ಸುಗ್ಗಿಯಲ್ಲಿ ಲಾತೂರಿನ ಮಾರ್ಕೆಟ್ ಯಾರ್ಡ್‌ಗೆ ಸೋಯಾ ತುಂಬಿದ ಟ್ರ್ಯಾಕ್ಟರ್‌ಗಳು ಬರುವುದನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ತೂಕದ ಕಾಟಾಗಳು ಇಷ್ಟೇ ಇರುತ್ತವೆ. ದಿನಕ್ಕೆ ಇಷ್ಟು ಗಾಡಿ ತೂಗಬಲ್ಲವು. ಅಷ್ಟರವರೆಗೆ ಸಾಲು ಸರಿಯುತ್ತದೆ. ಅದಕ್ಕಿಂತ ಹೆಚ್ಚು ಬಂದರೆ ಸಾಲು ಹೆದ್ದಾರಿಯವರೆಗೆ ನಿಲ್ಲುತ್ತದೆ.

ರಕ್ತದಲ್ಲಿ ಆ ಕಾಟಾದ ಕೆಲಸ ಮಾಡುವುದು ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ. ಊಟದಿಂದ ಬಂದ ಚರಬಿಯೂ ಲಿವರ್ ಕಳಿಸಿದ ಚರಬಿಯೂ ಇದರ ಮುಂದೆಯೇ ಸಾಲುಗಟ್ಟುತ್ತವೆ. ಟ್ರೈಗ್ಲಿಸರೈಡ್ 500 ದಾಟಿ ಮೇಲಕ್ಕೆ ಹೋದಂತೆ ಈ ಕಿಣ್ವದ ಶಕ್ತಿ ಮುಗಿಯುತ್ತ ಬರುತ್ತದೆ. ಅಲ್ಲಿಂದ ಮುಂದೆ ಒಂದು ಭರ್ಜರಿ ಊಟ, ಒಂದು ರಾತ್ರಿಯ ಕುಡಿತ ಸಾಕು, 600 ಇದ್ದದ್ದು 2,000ಕ್ಕೆ ಜಿಗಿಯಬಹುದು. ಆದ್ದರಿಂದಲೇ ವೈದ್ಯರು 1,000 ಆಗುವವರೆಗೆ ಕಾಯದೆ 500ಕ್ಕೇ ಎಚ್ಚೆತ್ತುಕೊಳ್ಳುತ್ತಾರೆ.

ಏರಿದರೆ ಹಾನಿ ಎಲ್ಲಿ? ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಗೆ. ಮರಾಠಿಯಲ್ಲಿ ಇದಕ್ಕೆ ಸ್ವಾದುಪಿಂಡ ಎನ್ನುತ್ತಾರೆ. ಇನ್ಸುಲಿನ್ ಉತ್ಪಾದಿಸುವುದೂ ಇದೇ, ಚರಬಿ ಜೀರ್ಣಿಸುವ ರಸ ತಯಾರಿಸುವುದೂ ಇದೇ. ಅದರ ಸಣ್ಣ ರಕ್ತನಾಳಗಳಲ್ಲಿ ಚರಬಿ ಕಿಕ್ಕಿರಿದಾಗ, ಗ್ರಂಥಿಯ ರಸವೇ ಆ ಚರಬಿಯನ್ನು ಒಡೆಯುತ್ತದೆ. ಆಗ ಹುಟ್ಟುವ ಕೊಬ್ಬಿನಾಮ್ಲಗಳು ಗ್ರಂಥಿಯನ್ನೇ ಸುಡುತ್ತವೆ. ಇದೇ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್. ಪಿತ್ತಕೋಶದ ಕಲ್ಲು ಮತ್ತು ಮದ್ಯದ ನಂತರ ಈ ಕಾಯಿಲೆಗೆ ಮುಖ್ಯ ಕಾರಣವೆಂದರೆ ಟ್ರೈಗ್ಲಿಸರೈಡ್. ತೀವ್ರವಾದರೆ ಕಿಡ್ನಿ, ಶ್ವಾಸಕೋಶ ಕೈಕೊಟ್ಟು ಜೀವ ಹೋಗಬಹುದು. ಬದುಕಿ ಬಂದವರಲ್ಲಿ ಕೆಲವರಿಗೆ ಗ್ರಂಥಿ ಹಾಳಾಗಿ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ.

‘ಗ್ಯಾಸ್’ ಅಂತ ಕಾಯಬೇಡಿ

ಈ ನೋವನ್ನು ಗುರುತಿಸುವುದು ಜೀವ ಉಳಿಸುವ ಮಾತು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹಾಯುವ ತಡೆಯಲಾರದ ನೋವು. ಮಲಗಿದರೆ ಹೆಚ್ಚು, ಮುಂದೆ ಬಾಗಿ ಕೂತರೆ ಸ್ವಲ್ಪ ಹಗುರ. ಜತೆಗೆ ನಿಲ್ಲದ ವಾಂತಿ. ಹಳ್ಳಿಗಳಲ್ಲಿ ಇದನ್ನು ಗ್ಯಾಸ್, ಪಿತ್ತ, ಬೆನ್ನು ಹಿಡಿದಿದೆ ಎಂದು ಹೇಳಿ ಸೋಡಾ, ಇಂಜೆಕ್ಷನ್, ತಿಕ್ಕುವುದರಲ್ಲಿ ಕಳೆಯುವ ಪ್ರತಿ ತಾಸೂ ನಷ್ಟವೇ. ಇಂಥ ನೋವಿಗೆ ಆಸ್ಪತ್ರೆಯ ಭರ್ತಿಯೇ ದಾರಿ. ಸಲೈನ್, ನೋವಿನ ಔಷಧ, ಸಕ್ಕರೆ ಹೆಚ್ಚಿದ್ದರೆ ಇನ್ಸುಲಿನ್ ಡ್ರಿಪ್, ಅಗತ್ಯ ಬಿದ್ದರೆ ಐಸಿಯು. ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಅಲ್ಲಿ ಹೋದಾಗ ಹಳೆಯ ರಿಪೋರ್ಟ್ ತೋರಿಸುವುದು ಬಹಳ ಮುಖ್ಯ. ಒಂದೆರಡು ದಿನ ಉಪವಾಸವಿದ್ದರೆ ಟ್ರೈಗ್ಲಿಸರೈಡ್ ಬೇಗ ಇಳಿಯುತ್ತದೆ. ತಡವಾಗಿ ರಕ್ತ ತೆಗೆದರೆ ನಿಜವಾದ ಕಾರಣ ಕಾಣದೇ ಹೋಗಬಹುದು. ಇನ್ನೊಂದು, ಹಾಲಿನಂಥ ರಕ್ತದಲ್ಲಿ ಅಮೈಲೇಸ್ ಎಂಬ ಪರೀಕ್ಷೆ ಸುಳ್ಳು ನಾರ್ಮಲ್ ತೋರಿಸಬಹುದು. ಲೈಪೇಸ್ ಪರೀಕ್ಷೆ ಹೆಚ್ಚು ಭರವಸೆಯದು.

ನೋವಿಲ್ಲದೆಯೂ ಕೆಲವು ಚಿಹ್ನೆಗಳಿರುತ್ತವೆ. ಮೊಣಕೈ, ಮೊಣಕಾಲು, ಕುಂಡೆಯ ಮೇಲೆ ಇದ್ದಕ್ಕಿದ್ದಂತೆ ಹಳದಿ ತುದಿಯ ಸಣ್ಣ ಗುಳ್ಳೆಗಳೆದ್ದರೆ ಅದು ಬರೀ ಚರ್ಮದ ವಿಷಯವಲ್ಲದಿರಬಹುದು. ಮುಲಾಮು ಹಚ್ಚುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಲೇಸು.

ಗಡಿಯ ತಟ್ಟೆ ಬದಲಾದ ಕಥೆ

ಈ ಭಾಗದ ಊಟ ಮೊದಲಿನಂತಿಲ್ಲ. ಹಿಂಗಾರಿಯ ಬಿಳಿಜೋಳ, ತೊಗರಿ, ಕುಸುಬೆ ಬೆಳೆಯುತ್ತಿದ್ದ ಹೊಲಗಳಲ್ಲಿ ಮುಂಗಾರಿಗೆ ಸೋಯಾಬೀನ್, ನೀರಿದ್ದಲ್ಲಿ ಕಬ್ಬು ಬಂದಿವೆ. ಗಾಣದ ಕುಸುಬೆ ಎಣ್ಣೆಯ ಜಾಗಕ್ಕೆ ಪಾಕೀಟಿನ ರಿಫೈಂಡ್ ಬಂತು. ರೊಟ್ಟಿಯ ಜಾಗದಲ್ಲಿ ರೇಷನ್ ಅಕ್ಕಿ, ಗೋಧಿ. ಹೊಲದ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ, ಊರಿಂದೂರಿಗೆ ಮೋಟರ್‌ಸೈಕಲ್ ಒಯ್ಯುತ್ತದೆ. ದಿನಕ್ಕೆ ನಾಲ್ಕೈದು ಸಲ ಸಕ್ಕರೆ ತುಂಬಿದ ಚಹಾ ಮಾತ್ರ ಹಾಗೆಯೇ ಉಳಿದಿದೆ.

ಆದರೆ ಎಲ್ಲಾ ತಪ್ಪನ್ನು ಹೊಸ ಊಟದ ಮೇಲೆ ಹಾಕಿ, ಜೋಳಕ್ಕೆ ಮರಳಿದರೆ ಸಾಕು ಎನ್ನುವುದೂ ಸರಿಯಲ್ಲ. ಇಂಡಿಯಾಬ್ ತಂಡ 2025ರಲ್ಲಿ ಪ್ರಕಟಿಸಿದ ಇನ್ನೊಂದು ವರದಿಯ ಪ್ರಕಾರ ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ. 62 ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಒಟ್ಟು ಪ್ರಮಾಣ ಇಳಿಸದೆ ಬರೀ ಅಕ್ಕಿಯ ಬದಲು ಗೋಧಿಹಿಟ್ಟು, ಸಿರಿಧಾನ್ಯದ ಹಿಟ್ಟು ಎಂದು ಬದಲಿಸಿದರೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯುವುದಿಲ್ಲ ಎಂದು ಅದು ಹೇಳಿತು. ಪಿಷ್ಟದ ಒಂದು ಪಾಲನ್ನು ಬೇಳೆ, ಕಾಳು, ಮೊಸರಿನಂಥ ಪ್ರೋಟೀನಿಗೆ ಬಿಟ್ಟುಕೊಟ್ಟರೆ ಲಾಭ. ಇದನ್ನು ತಟ್ಟೆಯ ಭಾಷೆಯಲ್ಲಿ ಹೇಳುವುದಾದರೆ, ನಾಲ್ಕು ರೊಟ್ಟಿ ತಿನ್ನುವವರು ಎರಡಕ್ಕೆ ಇಳಿದು, ಬೇಳೆ, ಹೆಸರುಕಾಳು, ಪುಂಡಿಪಲ್ಯೆ, ಮೆಂತೆಪಲ್ಯೆ ಹೆಚ್ಚಿಸಬೇಕು.

ಮದ್ಯದ ಮಾತನ್ನೂ ಆಡಲೇಬೇಕು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ದೇಶಿ ದಾರು ಪರವಾನಗಿ ಅಂಗಡಿಗಳಲ್ಲಿ ಸಿಗುತ್ತದೆ. ಗಡಿ ಹಳ್ಳಿಗಳಲ್ಲಿ ಇದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಕುಡಿದರೆ ಎರಡೂ ಸೇರಿ ಟ್ರೈಗ್ಲಿಸರೈಡನ್ನು ಸಾವಿರ ದಾಟಿಸುತ್ತವೆ. ‘ದೇಶಿ ಕೆಟ್ಟದ್ದು, ಇಂಗ್ಲಿಷ್ ಪರವಾಗಿಲ್ಲ’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಲಿವರ್‌ಗೆ ಎರಡೂ ಒಂದೇ.

ಕಾರಣ ಹುಡುಕದೆ ಗುಳಿಗೆ ಬೇಡ

ಅಂಕಿ 500 ದಾಟಿದವರಲ್ಲಿ ಬಹುತೇಕರಿಗೆ ಎರಡು ಸಂಗತಿ ಕೂಡಿರುತ್ತವೆ. ಒಂದು ಹುಟ್ಟಿನಿಂದ ಬಂದ ಒಲವು, ಇನ್ನೊಂದು ಅದರ ಮೇಲೆ ಬಿದ್ದ ಹೊರೆ. ಹೊರೆ ಯಾವುದು ಎಂದು ಹುಡುಕುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಹತೋಟಿ ತಪ್ಪಿದ ಸಕ್ಕರೆ, ಮದ್ಯ, ಬೊಜ್ಜು, ಥೈರಾಯ್ಡ್ ಕೊರತೆ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಿಡ್ನಿ ಕಾಯಿಲೆ ಮುಖ್ಯವಾದವು. ಆದ್ದರಿಂದ ಲಿಪಿಡ್ ರಿಪೋರ್ಟ್ ಜತೆ ಎಚ್‌ಬಿಎ1ಸಿ, ಟಿಎಸ್‌ಎಚ್, ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಬೇಕಾಗುತ್ತವೆ.

ಕೆಲವು ಔಷಧಗಳೂ ಕಾರಣವಾಗುತ್ತವೆ. ಮೊಣಕಾಲು ನೋವು, ದಮ್ಮಿಗೆ ತಿಂಗಳುಗಟ್ಟಲೆ ತೆಗೆದುಕೊಳ್ಳುವ ಸ್ಟೀರಾಯ್ಡ್, ಈಸ್ಟ್ರೋಜನ್ ಇರುವ ಗುಳಿಗೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೆಲವು ಮಾನಸಿಕ ಔಷಧಗಳು ಈ ಪಟ್ಟಿಯಲ್ಲಿವೆ. ಹಾಗೆಂದು ತಾವಾಗಿಯೇ ಅವನ್ನು ನಿಲ್ಲಿಸಬಾರದು. ಸ್ಟೀರಾಯ್ಡ್ ಒಮ್ಮೆಲೇ ಬಿಡುವುದು ಅಪಾಯಕಾರಿ. ಯಾವ ಗುಳಿಗೆ ನುಂಗುತ್ತಿದ್ದೇವೆ ಎಂಬುದನ್ನು ಚೀಟಿ ಸಮೇತ ತೋರಿಸಿದರೆ ಸಾಕು, ಬದಲಿಸುವುದು ವೈದ್ಯರ ಕೆಲಸ.

ಗರ್ಭಿಣಿಯರ ವಿಷಯ ಬೇರೆಯೇ. ಕೊನೆಯ ಮೂರು ತಿಂಗಳಲ್ಲಿ ಟ್ರೈಗ್ಲಿಸರೈಡ್ ಸಹಜವಾಗಿಯೇ ಎರಡು ಮೂರು ಪಟ್ಟು ಏರುತ್ತದೆ. ಮೊದಲೇ 400, 500 ಇದ್ದವರಿಗೆ ಅದು ಸಾವಿರ ದಾಟಬಹುದು. ಇಂಥ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ವೈದ್ಯರಿಗೆ ತಿಳಿಸಬೇಕು.

ಇನ್ನು ಅಪರೂಪದ ಒಂದು ಗುಂಪಿದೆ. ಚರಬಿ ಒಡೆಯುವ ಕಿಣ್ವವೇ ಹುಟ್ಟಿನಿಂದ ಕೆಲಸ ಮಾಡದ ಫೆಮಿಲಿಯಲ್ ಕೈಲೊಮೈಕ್ರೋನೀಮಿಯಾ. ಹತ್ತು ಲಕ್ಷಕ್ಕೆ ಒಬ್ಬರಿಂದ ಹತ್ತು ಮಂದಿಯಲ್ಲಿ ಕಾಣುವ ಕಾಯಿಲೆ. ತಂದೆ, ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಇದು ಬರುತ್ತದೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ಪದ್ಧತಿ ಇರುವ ಕಡೆ ಇಂಥ ಕಾಯಿಲೆಗಳ ಸಂಭವ ಹೆಚ್ಚು. ಮಗುವಿಗೆ ಪದೇ ಪದೇ ಹೊಟ್ಟೆನೋವು ಬರುತ್ತಿದ್ದು, ರಕ್ತ ಹಾಲಿನಂತೆ ಕಂಡಿದ್ದರೆ ಲಾತೂರು, ಬೀದರ, ಕಲಬುರಗಿ, ಸೋಲಾಪುರದ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ತಡಮಾಡದೆ ಒಯ್ಯಬೇಕು. ಈ ಕಾಯಿಲೆಗೆಂದೇ ಓಲೆಜಾರ್ಸೆನ್ ಎಂಬ ಇಂಜೆಕ್ಷನ್‌ಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೂ ಇಲ್ಲಿಯ ಕುಟುಂಬಗಳಿಗೆ ಇಂದು ಕೈಗೆಟಕುವ ಮದ್ದು ಕಟ್ಟುನಿಟ್ಟಾದ ಕಡಿಮೆ ಚರಬಿಯ ಊಟವೇ.

ತಟ್ಟೆಯ ಲೆಕ್ಕ

200ರಿಂದ 500ರ ನಡುವೆ ಇರುವವರು ಮೊದಲು ಇಳಿಸಬೇಕಾದದ್ದು ಸಕ್ಕರೆ, ಬೆಲ್ಲ, ತಂಪುಪಾನೀಯ, ಮೈದಾ, ಮದ್ಯ ಮತ್ತು ತೂಕ. ತೂಕದಲ್ಲಿ ಶೇ. 5ರಿಂದ 10 ಇಳಿಸಿದರೆ ಟ್ರೈಗ್ಲಿಸರೈಡ್ ಸುಮಾರು ಶೇ. 20ರಷ್ಟು ಇಳಿಯಬಹುದು. ದಿನಾ ಅರ್ಧ ತಾಸು ಬಿರುಸಿನ ನಡಿಗೆಯೂ ಕೆಲಸ ಮಾಡುತ್ತದೆ. ಸಕ್ಕರೆಯ ಬದಲು ಬೆಲ್ಲ ಎಂಬ ಉಪಾಯದಿಂದ ಲಾಭವಿಲ್ಲ. ಕಬ್ಬಿನಿಂದಲೇ ಬಂದ ಎರಡೂ ಲಿವರ್‌ಗೆ ಸಕ್ಕರೆಯೇ.

1,000 ದಾಟಿದವರ ನಿಯಮ ಬೇರೆ. ಇವರಿಗೆ ಒಳ್ಳೆಯ ಎಣ್ಣೆ, ಕೆಟ್ಟ ಎಣ್ಣೆ ಎಂಬ ಭೇದವಿಲ್ಲ. ಕುಸುಬೆ, ಶೇಂಗಾ, ಸೋಯಾ, ತುಪ್ಪ ಎಲ್ಲವೂ ಊಟದ ನಂತರ ರಕ್ತಕ್ಕೆ ಚರಬಿಯ ಗಾಡಿಗಳನ್ನೇ ಕಳಿಸುತ್ತವೆ. ಅಂಕಿ ಇಳಿಯುವವರೆಗೆ ಇಡೀ ದಿನಕ್ಕೆ 20ರಿಂದ 30 ಗ್ರಾಂ ಚರಬಿ ಮಾತ್ರ ಎಂದು ವೈದ್ಯರು ಹೇಳುವುದುಂಟು. ಅದು ಎಷ್ಟು ಕಡಿಮೆ ಎಂದರೆ, 50 ಗ್ರಾಂ ಶೇಂಗಾದಲ್ಲೇ ಸುಮಾರು 25 ಗ್ರಾಂ ಚರಬಿ ಇದೆ. ಒಂದು ಹಿಡಿ ಶೇಂಗಾಕ್ಕೆ ದಿನದ ಕೋಟಾ ಮುಗಿಯಿತು. ಒಂದು ಗ್ಲಾಸ್ ಎಮ್ಮೆಯ ಹಾಲಿನಲ್ಲಿ 12ರಿಂದ 14 ಗ್ರಾಂ. ಅಡುಗೆಯ ಒಂದು ಚಹಾ ಚಮಚ ಎಣ್ಣೆ ಎಂದರೆ ಸುಮಾರು 5 ಗ್ರಾಂ. ಹೀಗಾಗಿ ಶೇಂಗಾ ಹಿಂಡಿ, ಎಳ್ಳು, ಕೆನೆ, ತುಪ್ಪ, ಭಜಿ ಕೆಲವು ವಾರ ಪೂರ್ತಿ ಬಂದ್. ಕೆನೆ ತೆಗೆದ ಮಜ್ಜಿಗೆ, ಒಗ್ಗರಣೆಯಿಲ್ಲದ ಬೇಳೆ, ಪಲ್ಯೆ, ಅಳತೆಯ ರೊಟ್ಟಿ ಇರಲಿ.

ಎಳ್ಳ ಅಮವಾಸ್ಯೆ ಇದಕ್ಕೆ ಒಳ್ಳೆಯ ಉದಾಹರಣೆ. ಲಾತೂರು, ಧಾರಾಶಿವದ ಮರಾಠಿಯಲ್ಲಿ ವೇಳ ಅಮಾವಾಸ್ಯೆ ಎಂದಾದ ಈ ಹಬ್ಬ ಎರಡೂ ಭಾಷೆಯವರದ್ದು. ಹೊಲದಲ್ಲಿ ಕೂತು ಉಣ್ಣುವ ಕಾಳುಪಲ್ಯೆಯ ಭಜ್ಜಿ, ಸಜ್ಜಿ ರೊಟ್ಟಿ, ಮಜ್ಜಿಗೆಯ ಅಂಬಲಿ ಇವುಗಳಲ್ಲಿ ಎಣ್ಣೆ ಇಳಿಸಿದರೆ ತೊಂದರೆಯಿಲ್ಲ. ಅದರ ಪಕ್ಕದ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ತುಪ್ಪದ ಬಟ್ಟಲು ಮಾತ್ರ ಸಾವಿರ ದಾಟಿದವರ ಪಾಲಿಗೆ ಆ ವರ್ಷ ಇಲ್ಲ. ಹಬ್ಬ ಬಿಡಬೇಕಿಲ್ಲ, ತಟ್ಟೆಯ ಒಂದು ಮೂಲೆ ಖಾಲಿ ಬಿಟ್ಟರೆ ಸಾಕು.

ಗುಳಿಗೆಗಳ ವಿಷಯ

500 ದಾಟಿದಾಗ ಸಾಮಾನ್ಯವಾಗಿ ಬರೆಯುವ ಔಷಧ ಫೆನೊಫೈಬ್ರೇಟ್. ಇದನ್ನು ಕೊಡುವ ಮೊದಲು ಕಿಡ್ನಿ ಪರೀಕ್ಷೆ ನೋಡಬೇಕು. ಸ್ಟ್ಯಾಟಿನ್ ಗುಳಿಗೆಯ ಜತೆ ಕೊಟ್ಟಾಗ ಸ್ನಾಯುನೋವು ಬಂದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಕೂಡಲೇ ತಿಳಿಸಬೇಕು. ಜೆಮ್‌ಫೈಬ್ರೊಜಿಲ್ ಎಂಬ ಅದೇ ವರ್ಗದ ಹಳೆಯ ಔಷಧವನ್ನು ಸ್ಟ್ಯಾಟಿನ್ ಜತೆ ಸೇರಿಸುವುದನ್ನು ವೈದ್ಯರು ತಪ್ಪಿಸುತ್ತಾರೆ. ಸಕ್ಕರೆ ಕಾಯಿಲೆಯೊಂದಿಗೆ ಟ್ರೈಗ್ಲಿಸರೈಡ್ ಹೆಚ್ಚಿದ್ದವರಿಗೆ ಅಹಮದಾಬಾದಿನ ಝೈಡಸ್ ಕಂಪನಿ ತಯಾರಿಸಿದ ಸಾರೊಗ್ಲಿಟಾಜಾರ್‌ಗೆ 2013ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು.

ಗುಳಿಗೆಯ ಮಿತಿಯನ್ನೂ ತಿಳಿದಿರಬೇಕು. ಸ್ಟ್ಯಾಟಿನ್ ಹೃದಯಾಘಾತದ ಅಪಾಯ ಇಳಿಸಲು. ಫೆನೊಫೈಬ್ರೇಟ್ ಮೇದೋಜೀರಕ ಕಾಯಲು. ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದ ಸಕ್ಕರೆ ಕಾಯಿಲೆಯವರಿಗೆ ಫೈಬ್ರೇಟ್ ಸೇರಿಸಿದರೆ ಹೃದಯಾಘಾತ ಇನ್ನಷ್ಟು ಇಳಿಯುತ್ತದೆಯೇ ಎಂದು ನೋಡಿದ ದೊಡ್ಡ ಪ್ರಯೋಗಗಳು, 2010ರ ಅಕಾರ್ಡ್ ಮತ್ತು 2022ರ ಪ್ರಾಮಿನೆಂಟ್, ನಿರೀಕ್ಷಿಸಿದ ಲಾಭ ತೋರಿಸಲಿಲ್ಲ. ಆದ್ದರಿಂದ ಒಂದನ್ನು ಇನ್ನೊಂದರ ಬದಲಿಗೆ ನಿಲ್ಲಿಸಬಾರದು.

ಮೀನೆಣ್ಣೆ ಗುಳಿಗೆಯನ್ನು ಮೆಡಿಕಲ್ ಅಂಗಡಿಯಲ್ಲಿ ಕೊಂಡು ದಿನಕ್ಕೊಂದು ನುಂಗುವವರಿದ್ದಾರೆ. ಚಿಕಿತ್ಸೆಯ ಪ್ರಮಾಣ ದಿನಕ್ಕೆ 4 ಗ್ರಾಂ ಒಮೆಗಾ-3. ಸಾಮಾನ್ಯ 1,000 ಮಿಲಿಗ್ರಾಂ ಗುಳಿಗೆಯಲ್ಲಿ ಒಮೆಗಾ-3 ಇರುವುದು 300 ಮಿಲಿಗ್ರಾಂ ಆಸುಪಾಸು. ಒಂದೋ ಎರಡೋ ಗುಳಿಗೆಯಿಂದ ಸಾವಿರದ ಅಂಕಿ ಇಳಿಯದು. ಅಗಸಿ ಹಿಂಡಿಯದೂ ಇದೇ ಕಥೆ. ಅದು ಒಳ್ಳೆಯ ಆಹಾರ. ಆದರೆ ಅದರಲ್ಲಿರುವ ಒಮೆಗಾ-3 ಮೀನಿನದ್ದಲ್ಲ, ದೇಹ ಅದನ್ನು ಬಹಳ ಸ್ವಲ್ಪವಷ್ಟೇ ಬದಲಿಸಿಕೊಳ್ಳುತ್ತದೆ. ಜತೆಗೆ ಅಗಸಿಯಲ್ಲೂ ಎಣ್ಣೆ ಬಹಳ. ಸಾವಿರ ದಾಟಿದಾಗ ಅದೂ ಲೆಕ್ಕಕ್ಕೆ ಬರುತ್ತದೆ.

ವ್ಯವಸ್ಥೆಯ ತೂತು

ಇದೆಲ್ಲ ಒಬ್ಬೊಬ್ಬರ ಮನೆಯ ಮಾತಾಯಿತು. ಸರಕಾರದ ಪಾಲು ಏನು?

ಕೇಂದ್ರದ ಸಾಂಕ್ರಾಮಿಕವಲ್ಲದ ರೋಗಗಳ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. 30 ವರ್ಷ ದಾಟಿದ ಎಲ್ಲರ ತಪಾಸಣೆ 2017ರಿಂದ ನಡೆಯುತ್ತಿದೆ. ಆಶಾ ತಾಯಿ ಮನೆಗೆ ಬಂದು ಫಾರ್ಮ್ ತುಂಬುತ್ತಾಳೆ. ಬಿಪಿ, ಸಕ್ಕರೆ, ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್, ಈ ಐದು ಆ ತಪಾಸಣೆಯ ಗುರಿ. ಟ್ರೈಗ್ಲಿಸರೈಡ್ ಇದರಲ್ಲಿಲ್ಲ. ಎಲ್ಲರಿಗೂ ಈ ಪರೀಕ್ಷೆ ಮಾಡಬೇಕೆಂದು ಹಟ ಹಿಡಿಯಬೇಕಿಲ್ಲ. ಆದರೆ ಸಕ್ಕರೆ ಕಾಯಿಲೆ ಪತ್ತೆಯಾದ ಪ್ರತಿಯೊಬ್ಬರಿಗೂ ಅದೇ ವಾರ ಲಿಪಿಡ್ ಪರೀಕ್ಷೆ ಆಗಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಸಾವಿರ ದಾಟುವವರು ಹೆಚ್ಚಾಗಿ ಸಿಗುವುದು ಅವರಲ್ಲೇ.

ದುಡ್ಡಿನ ವಿಷಯಕ್ಕೆ ಬಂದರೆ ವಿಚಿತ್ರ ಕಾಣುತ್ತದೆ. ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆಯ ರಕ್ಷಣೆಯನ್ನು 5 ಲಕ್ಷ ರೂಪಾಯಿಗೆ ಏರಿಸಲು ಮಹಾರಾಷ್ಟ್ರ ಸರಕಾರ 2023ರಲ್ಲಿ ನಿರ್ಧರಿಸಿತು. ಆಯುಷ್ಮಾನ್ ಭಾರತದ ಮಿತಿಯೂ ಅಷ್ಟೇ. ಇವೆರಡೂ ಮೂಲತಃ ಆಸ್ಪತ್ರೆಗೆ ಭರ್ತಿಯಾದವರಿಗಾಗಿ. ಮೇದೋಜೀರಕ ಸುಟ್ಟು ಐಸಿಯುನಲ್ಲಿ ಮಲಗಿದರೆ ಕಾರ್ಡ್ ಉಪಯೋಗಕ್ಕೆ ಬರಬಹುದು. ಅದನ್ನು ತಪ್ಪಿಸಬಲ್ಲ ಕೆಲವು ನೂರು ರೂಪಾಯಿಯ ರಕ್ತ ಪರೀಕ್ಷೆ ಮತ್ತು ತಿಂಗಳ ಗುಳಿಗೆಗೆ ಕಾರ್ಡ್ ಬರುವುದಿಲ್ಲ.

ಹಾಗಾದರೆ ದಾರಿ ಇಲ್ಲವೇ? ಇದೆ. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ತಪಾಸಣೆ, ಚಿಕಿತ್ಸೆ ಉಚಿತವಾಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಯವರೆಗೆ ಇದು ಅನ್ವಯ. ಸಕ್ಕರೆ ಕಾಯಿಲೆಯವರು ಅಲ್ಲಿ ಹೋದಾಗ ‘ಲಿಪಿಡ್ ಪ್ರೊಫೈಲ್ ಬರೆದುಕೊಡಿ’ ಎಂದು ಬಾಯಿಬಿಟ್ಟು ಕೇಳಬೇಕು. ಕೇಳದವರಿಗೆ ಸಿಗುವುದು ಕಡಿಮೆ. ಫೆನೊಫೈಬ್ರೇಟ್ ಜನೌಷಧಿ ಕೇಂದ್ರಗಳ ಪಟ್ಟಿಯಲ್ಲಿದೆ. ಹೆಸರಾಂತ ಬ್ರ್ಯಾಂಡ್‌ಗಿಂತ ಬೆಲೆ ಅಗ್ಗ.

ಗಡಿಯ ಎರಡು ಬದಿ, ಒಂದೇ ಫೈಲ್

1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲೇ ಇದ್ದವು. ಉಮರ್ಗಾ ಹಳೆಯ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯಲ್ಲಿತ್ತು. ಮೂರೂ ಹೈದರಾಬಾದ್ ಸಂಸ್ಥಾನದ ಭಾಗ. ರಾಜ್ಯಗಳು ಬೇರೆಯಾದರೂ ನೆಂಟಸ್ತನ ಬೇರೆಯಾಗಲಿಲ್ಲ, ದವಾಖಾನೆಯ ದಾರಿಯೂ ಬೇರೆಯಾಗಲಿಲ್ಲ. ಇಂದಿಗೂ ಒಂದೇ ಮನೆಯವರು ಒಂದು ಕಾಯಿಲೆಗೆ ಲಾತೂರಿಗೆ, ಇನ್ನೊಂದಕ್ಕೆ ಬೀದರಕ್ಕೆ, ಮತ್ತೊಂದಕ್ಕೆ ಕಲಬುರಗಿ ಇಲ್ಲವೇ ಸೋಲಾಪುರಕ್ಕೆ ಹೋಗುತ್ತಾರೆ.

ಎರಡೂ ಸರಕಾರಗಳಿಗೆ ಗಡಿ ಜನರ ಆರೋಗ್ಯದ ನೆನಪು ಬರುವುದು ಹೆಚ್ಚಾಗಿ ಜಗಳದ ನಡುವೆ. 2023ರಲ್ಲಿ ಮಹಾರಾಷ್ಟ್ರ ತನ್ನ ಫುಲೆ ಯೋಜನೆಯನ್ನು ಕರ್ನಾಟಕದ 865 ಗಡಿ ಹಳ್ಳಿಗಳಿಗೆ ವಿಸ್ತರಿಸಲು ಹೊರಟಾಗ ಕರ್ನಾಟಕ ಆಕ್ಷೇಪಿಸಿತು. ಯಾರ ಕಾರ್ಡ್ ಯಾರ ಹಳ್ಳಿಯಲ್ಲಿ ಎಂಬ ವಾದ ನಡೆಯಿತು. ಎರಡು ರಾಜ್ಯಗಳ ಆಸ್ಪತ್ರೆಗಳ ನಡುವೆ ರೋಗಿಯ ಕಾಗದ ಸರಾಗವಾಗಿ ಹೋಗಬೇಕೆಂಬ ಸಣ್ಣ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಇದರ ಪೆಟ್ಟು ಬೀಳುವುದು ಇಂಥ ಕಾಯಿಲೆಯವರ ಮೇಲೆ. ಲಾತೂರಿನಲ್ಲಿ 1,400 ಎಂದು ಬಂದ ರಿಪೋರ್ಟ್ ಮನೆಯ ಟ್ರಂಕ್‌ನಲ್ಲಿ ಉಳಿದರೆ, ಬೀದರದ ತುರ್ತು ವಾರ್ಡ್‌ನ ವೈದ್ಯರಿಗೆ ಹೊಟ್ಟೆನೋವಿನ ಕಾರಣ ಹೊಳೆಯಲು ತಡವಾಗುತ್ತದೆ. ಒಂದು ಕಡೆ ಮರಾಠಿಯಲ್ಲಿ ಕೇಳುತ್ತಾರೆ, ಇನ್ನೊಂದು ಕಡೆ ಕನ್ನಡದಲ್ಲಿ, ರಿಪೋರ್ಟ್ ಮಾತ್ರ ಎರಡೂ ಕಡೆ ಇಂಗ್ಲಿಷಿನಲ್ಲಿ. ಎರಡೂ ಭಾಷೆ ಬಲ್ಲ ಗಡಿಯ ಜನರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಮನೆಯಲ್ಲಿ ಓದಿದ ಮಗನೋ ಮಗಳೋ ಒಂದು ಚೀಟಿಯಲ್ಲಿ ಮೂರು ಸಾಲು ಬರೆದಿಟ್ಟರೆ ಸಾಕು: ಅತಿ ಹೆಚ್ಚು ಬಂದ ಟ್ರೈಗ್ಲಿಸರೈಡ್ ಎಷ್ಟು, ಯಾವ ತಾರೀಖು, ಯಾವ ಗುಳಿಗೆ. ಮೊಬೈಲಿನಲ್ಲಿ ರಿಪೋರ್ಟಿನ ಫೋಟೊ ಇಟ್ಟುಕೊಳ್ಳಬಹುದು. ಆಯುಷ್ಮಾನ್ ಕಾರ್ಡ್ ಇದ್ದವರು ಅದು ಗಡಿಯಾಚೆಯ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯುತ್ತದೆ ಎಂಬುದನ್ನು ನೆನಪಿಡಬೇಕು.

ಕೊನೆಗೆ ಉಳಿಯುವ ಮಾತು ಇಷ್ಟು. ಟ್ರೈಗ್ಲಿಸರೈಡ್ ಬಹಳ ಏರಿದ್ದರೂ ಇಳಿಸಲು ಬರುವ ಅಂಕಿ. ಮದ್ಯ ಬಿಟ್ಟು, ಸಕ್ಕರೆ ಹತೋಟಿಗೆ ತಂದು, ಚರಬಿ ಕಡಿದರೆ ಬಹಳಷ್ಟು ಮಂದಿಯಲ್ಲಿ ಕೆಲವೇ ದಿನ, ವಾರಗಳಲ್ಲಿ ಸಾವಿರದಿಂದ ಕೆಳಗೆ ಬರುತ್ತದೆ. ಆದರೆ ಅದಕ್ಕೆ ಮೊದಲು ಯಾರಾದರೂ ಆ ಸಾಲನ್ನು ಓದಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜತೆ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯವರಿಗೆ ಲಿಪಿಡ್ ಪರೀಕ್ಷೆ ಆಗುತ್ತಿದೆಯೇ ಎಂದು ಒಬ್ಬರಾದರೂ ಎದ್ದು ಕೇಳಲಿ. ಕನ್ನಡದಲ್ಲಿ ಕೇಳಿದರೂ ಸರಿ, ಮರಾಠಿಯಲ್ಲಿ ಕೇಳಿದರೂ ಸರಿ.